ಹದ ಮಾಡುವುದು ವಿದ್ಯುತ್ತು, ಬಿತ್ತುವುದು ಅಭ್ಯಾಸ

ಪಾರ್ಶ್ವವಾಯುವಾದವರು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನೋಡಲು ಬಂದವರೆಲ್ಲ ಕೇಳುವುದು ಎರಡೇ ಪ್ರಶ್ನೆ: ಕೈ ಎತ್ತಲು ಆಗುತ್ತದೆಯೇ, ಮಾತು ಬರುತ್ತದೆಯೇ. ಎರಡಕ್ಕೂ ಹೌದು ಎಂಬ ಉತ್ತರ ಸಿಕ್ಕರೆ ಎಲ್ಲರಿಗೂ ಸಮಾಧಾನ. ಆದರೆ ಕೆಲವೇ ವಾರಗಳಲ್ಲಿ ಮನೆಯವರಿಗೆ ಬೇರೇನೋ ಕಾಣತೊಡಗುತ್ತದೆ. ಒಬ್ಬರು ಮಾತಾಡಿಸಿದರೆ ಸರಿಯಾಗಿ ಉತ್ತರ ಕೊಡುವವರು, ಇಬ್ಬರು ಒಟ್ಟಿಗೆ ಮಾತಾಡಿದರೆ ತಬ್ಬಿಬ್ಬಾಗುತ್ತಾರೆ. ಪತ್ರಿಕೆಯ ಒಂದೇ ಸುದ್ದಿಯನ್ನು ಮೂರು ಸಲ ಓದಿ, ಏನೂ ಹತ್ತದೆ ಕೆಳಗಿಡುತ್ತಾರೆ. ಒಲೆ ಹಚ್ಚಿಟ್ಟು ಫೋನ್ ಎತ್ತಿಕೊಂಡರೆ ಒಲೆ ಅಲ್ಲಿಗೇ ಬಿಟ್ಟುಹೋಗುತ್ತದೆ. ನೆನಪಿನ ಶಕ್ತಿ ಹೋಯಿತು ಎಂದು ಮನೆಯವರು ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಕೈಕೊಟ್ಟಿರುವುದು ಗಮನ. ಒಳಗೇ ಹೋಗದ ವಿಷಯ ನೆನಪಿಗೆ ಬರುವುದಾದರೂ ಎಲ್ಲಿಂದ? ಈ ಗಮನವನ್ನು ಮರಳಿ ಕಟ್ಟಲು ಅಭ್ಯಾಸದ ಜೊತೆಗೆ ಮಿದುಳಿಗೆ ಹೊರಗಿನಿಂದ ವಿದ್ಯುತ್ತು ಕೊಟ್ಟು ನೋಡುವ ಪ್ರಯತ್ನಗಳ ಕುರಿತದ್ದು ಈ ಬರಹ.

ಇದು ಅಪರೂಪದ ತೊಂದರೆಯೇನಲ್ಲ. ಪಾರ್ಶ್ವವಾಯುವಾದ ಮೊದಲ ದಿನಗಳಲ್ಲಿ ನಡೆಸಿದ ಅಧ್ಯಯನಗಳು ಶೇ. 46ರಿಂದ ಶೇ. 92ರಷ್ಟು ರೋಗಿಗಳಲ್ಲಿ ಗಮನದ ಕೊರತೆಯನ್ನು ಕಂಡಿವೆ. ಬಳಸಿದ ಪರೀಕ್ಷೆಯೂ ಪರೀಕ್ಷಿಸಿದ ಸಮಯವೂ ಬೇರೆಬೇರೆಯಾಗಿರುವುದರಿಂದ ಅಂತರ ಇಷ್ಟು ದೊಡ್ಡದಾಗಿದೆ. ಕೆಳಗಿನ ಅಂಕಿಯನ್ನೇ ಹಿಡಿದರೂ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು. ಕೈಕಾಲಿನ ಚೇತರಿಕೆಗೂ ಇದಕ್ಕೂ ನಂಟಿದೆ. ಇಯಾನ್ ರಾಬರ್ಟ್‌ಸನ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎರಡು ತಿಂಗಳ ಹೊತ್ತಿಗೆ ಗಮನವನ್ನು ಎಡೆಬಿಡದೆ ಹಿಡಿದಿಡುವ ಶಕ್ತಿ ಎಷ್ಟಿತ್ತು ಎಂಬುದರಿಂದ ಎರಡು ವರ್ಷಗಳ ನಂತರದ ಚೇತರಿಕೆಯನ್ನು ಊಹಿಸಬಹುದಿತ್ತು. ವ್ಯಾಯಾಮವನ್ನು ಕಲಿಯುವುದಕ್ಕೂ ಗಮನ ಬೇಕಲ್ಲವೇ?

ಗಮನ ಎಂದರೆ ಒಂದೇ ಸ್ವಿಚ್ಚಿನಿಂದ ಹತ್ತಿ ಆರುವ ದೀಪ ಎಂದುಕೊಂಡರೆ ಮುಂದಿನ ಯಾವುದೂ ಅರ್ಥವಾಗುವುದಿಲ್ಲ. ಮೈಕೆಲ್ ಪೋಸ್ನರ್ ಮತ್ತು ಸ್ಟೀವನ್ ಪೀಟರ್ಸನ್ 1990ರಲ್ಲಿ ಅದನ್ನು ಮೂರು ಜಾಲಗಳಾಗಿ ಬಿಡಿಸಿಟ್ಟರು. ಒಂದು, ಎಚ್ಚರವಾಗಿರುವುದು, ಮಿದುಳಿನ ಕಾಂಡದಿಂದ ಹೊರಡುವ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕದ ಮೇಲೆ ಇದು ನಿಂತಿದೆ. ಇನ್ನೊಂದು, ಗಮನವನ್ನು ಬೇಕಾದ ಕಡೆಗೆ ಹೊರಳಿಸುವುದು. ನೆತ್ತಿಯ ಹಿಂಬದಿಯ ಪೆರೈಟಲ್ ಹಾಲೆಗೆ ಇದರಲ್ಲಿ ದೊಡ್ಡ ಪಾಲು. ಮತ್ತೊಂದು ಯಜಮಾನಿಕೆಯ ಕೆಲಸ: ಬೇಡದ್ದನ್ನು ತಡೆದು, ಎರಡು ಕೆಲಸಗಳಿಗೆ ಪಾಲು ಹಂಚಿ, ತಪ್ಪಾದರೆ ತಿದ್ದಿಕೊಳ್ಳುವುದು. ಇದು ಹಣೆಯ ಹಿಂದಿನ ಭಾಗದ ಹೊಣೆ. ರಕ್ತನಾಳ ಎಲ್ಲಿ ಕಟ್ಟಿತು ಅಥವಾ ಒಡೆಯಿತು ಎಂಬುದರ ಮೇಲೆ ಯಾವ ಜಾಲ ಹರಿಯಿತು ಎಂಬುದು ತೀರ್ಮಾನವಾಗುತ್ತದೆ. ಈ ಜಾಗಗಳನ್ನು ಬೆಸೆಯುವ ನರತಂತುಗಳಿಗೆ ಪೆಟ್ಟಾದರೂ ಸಾಕು, ಊರುಗಳು ಉಳಿದು ರಸ್ತೆ ಕಡಿದುಹೋದಂತೆ.

ಜಾಲವೊಂದು ಹರಿದರೆ ಏನಾಗುತ್ತದೆ ಎಂಬುದಕ್ಕೆ ನನಗೆ ಎಂದೂ ಹಳತಾಗದ ಉದಾಹರಣೆ ಇಟಲಿಯ ಮಿಲಾನ್ ನಗರದ್ದು. ಮಿದುಳಿನ ಬಲಭಾಗಕ್ಕೆ ಪೆಟ್ಟಾದವರಲ್ಲಿ ಕೆಲವರಿಗೆ ಎಡಗಡೆಯ ಜಗತ್ತೇ ಇಲ್ಲವಾಗುತ್ತದೆ. ಕಣ್ಣು ಸರಿಯಿದ್ದರೂ ತಟ್ಟೆಯ ಬಲ ಅರ್ಧವನ್ನಷ್ಟೇ ಉಣ್ಣುತ್ತಾರೆ, ಮುಖದ ಬಲಭಾಗವನ್ನಷ್ಟೇ ಕ್ಷೌರ ಮಾಡಿಕೊಳ್ಳುತ್ತಾರೆ. ಏಕಪಾರ್ಶ್ವ ಉಪೇಕ್ಷೆ ಎನ್ನಬಹುದಾದ ಸ್ಥಿತಿ ಇದು. ಎಡೋರ್ಡೊ ಬಿಸಿಯಾಕ್ ಮತ್ತು ಕ್ಲಾಡಿಯೊ ಲುಜ್ಜಾಟ್ಟಿ 1978ರಲ್ಲಿ ಇಂಥ ಇಬ್ಬರು ರೋಗಿಗಳಿಗೆ, ಅವರಿಗೆ ಚೆನ್ನಾಗಿ ಗೊತ್ತಿದ್ದ ಕ್ಯಾಥೆಡ್ರಲ್ ಚೌಕವನ್ನು ಮನಸ್ಸಿನಲ್ಲೇ ನೋಡಿ ವರ್ಣಿಸಲು ಹೇಳಿದರು. ಚರ್ಚಿನ ಎದುರು ನಿಂತಂತೆ ಕಲ್ಪಿಸಿಕೊಂಡಾಗ ಬಲಗಡೆಯ ಕಟ್ಟಡಗಳನ್ನು ಹೇಳಿ ಎಡಗಡೆಯವನ್ನು ಬಿಟ್ಟರು. ಈಗ ಚರ್ಚಿನ ಮೆಟ್ಟಿಲ ಮೇಲೆ ನಿಂತು ಈ ಕಡೆ ನೋಡಿ ಎಂದಾಗ, ಆಗಲೇ ಬಿಟ್ಟಿದ್ದ ಕಟ್ಟಡಗಳನ್ನು ಹೇಳಿದರು. ಮೊದಲು ಹೇಳಿದ್ದವು ಮಾಯವಾದವು! ನೆನಪು ಪೂರ್ತಿ ಇತ್ತು. ಎಡಕ್ಕೆ ಗಮನ ಮಾತ್ರ ಹೊರಳಲಿಲ್ಲ.

ಇದಕ್ಕೆಲ್ಲ ಇಷ್ಟು ಕಾಲ ಇದ್ದ ಮದ್ದು ಅಭ್ಯಾಸ. ಮೆಕೇ ಸೋಲ್‌ಬರ್ಗ್ ಮತ್ತು ಕ್ಯಾಥರೀನ್ ಮ್ಯಾಟೀರ್ 1980ರ ದಶಕದಲ್ಲಿ ರೂಪಿಸಿದ ಕ್ರಮದಲ್ಲಿ ಗಮನಕ್ಕೆ ಮೆಟ್ಟಿಲುಗಳಿವೆ: ಒಂದರ ಮೇಲೆ ಗಮನ ಇಡುವುದು, ಅದನ್ನು ಹಿಡಿದಿಡುವುದು, ಗದ್ದಲದ ನಡುವೆ ಬೇಕಾದದ್ದನ್ನು ಆರಿಸುವುದು, ಒಂದರಿಂದ ಇನ್ನೊಂದಕ್ಕೆ ಹೋಗಿಬರುವುದು, ಕೊನೆಗೆ ಎರಡನ್ನು ಒಟ್ಟಿಗೆ ನಿಭಾಯಿಸುವುದು. ಮೊದಲು ಅಂಕಿಗಳ ಸಾಲಿನಲ್ಲಿ ಒಂದೇ ಅಂಕಿಯನ್ನು ಹುಡುಕು. ಆಮೇಲೆ ಹಿನ್ನೆಲೆಯಲ್ಲಿ ಸದ್ದು ಇಟ್ಟು ಹುಡುಕು. ಇಂದು ಇದೆಲ್ಲ ಕಂಪ್ಯೂಟರ್ ಪರದೆಗೆ ಬಂದಿದೆ. ರೋಗಿ ಗೆದ್ದರೆ ಕಷ್ಟ ಒಂದು ಮೆಟ್ಟಿಲು ಏರುತ್ತದೆ, ಸೋತರೆ ಇಳಿಯುತ್ತದೆ. ಫಲ? ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಹಾಕಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2019ರ ಪರಾಮರ್ಶೆ ಅರ್ಹವೆಂದು ಆರಿಸಿಕೊಂಡದ್ದು ಕೇವಲ 6 ಪ್ರಯೋಗಗಳನ್ನು; ಒಟ್ಟು 223 ಮಂದಿ. ತರಬೇತಿ ಮುಗಿದ ಕೂಡಲೇ ಎರಡು ಕೆಲಸಗಳಿಗೆ ಗಮನ ಹಂಚುವ ಶಕ್ತಿ ಸ್ವಲ್ಪ ಹೆಚ್ಚಿದ ಸುಳಿವು ಸಿಕ್ಕಿತು. ಅದು ಉಳಿಯಿತೆಂಬುದಕ್ಕಾಗಲಿ, ಗಮನದ ಉಳಿದ ಬಗೆಗಳು ಸುಧಾರಿಸಿದವೆಂಬುದಕ್ಕಾಗಲಿ ನಂಬಬಹುದಾದ ಪುರಾವೆ ಸಿಗಲಿಲ್ಲ. ಅಭ್ಯಾಸ ವ್ಯರ್ಥ ಎಂದು ಇದರ ಅರ್ಥವಲ್ಲ. ಅದೊಂದೇ ಸಾಲುತ್ತಿಲ್ಲ ಎಂಬ ಅನುಮಾನ ಮಾತ್ರ ಬಲವಾಯಿತು. ವಿದ್ಯುತ್ತು ಒಳಗೆ ಬಂದದ್ದು ಈ ಬಾಗಿಲಿನಿಂದ.

ತಲೆಗೆ ವಿದ್ಯುತ್ತು ಕೊಡುವ ಯೋಚನೆ ಹೊಸದಲ್ಲ. ಒಂದನೇ ಶತಮಾನದಲ್ಲಿ ರೋಮನ್ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್ ತಲೆನೋವಿನವರ ತಲೆಯ ಮೇಲೆ ಜೀವಂತ ವಿದ್ಯುತ್ ಮೀನನ್ನು ಇಡಲು ಹೇಳಿದ್ದ. ಈಗಿನ ಸಾಧನಗಳಲ್ಲಿ ಮುಖ್ಯವಾದವು ಎರಡು, ಎರಡರ ಸ್ವಭಾವವೂ ಬೇರೆ.

ಟಿಡಿಸಿಎಸ್, ಅಂದರೆ ತಲೆಬುರುಡೆಯ ಹೊರಗಿನಿಂದ ಮಿದುಳಿಗೆ ನೇರ ವಿದ್ಯುತ್ತು ಕೊಡುವುದು, ತೀರ ಸರಳ. ಬ್ಯಾಟರಿಯಿಂದ ನಡೆಯುವ ಸಣ್ಣ ಪೆಟ್ಟಿಗೆ, ಎರಡು ತಂತಿ, ಉಪ್ಪುನೀರಿನಲ್ಲಿ ನೆನೆಸಿದ ಎರಡು ಸ್ಪಾಂಜು. 1 ಅಥವಾ 2 ಮಿಲಿಆಂಪಿಯರ್ ನೇರ ವಿದ್ಯುತ್ತು ಒಂದು ಸ್ಪಾಂಜಿನಿಂದ ಹೊಕ್ಕು ಇನ್ನೊಂದರಿಂದ ಹೊರಬರುತ್ತದೆ. ಮಾನಸಿಕ ಕಾಯಿಲೆಗೆ ಅರಿವಳಿಕೆ ಕೊಟ್ಟು ಮಾಡುವ ವಿದ್ಯುತ್ ಕಂಪನ ಚಿಕಿತ್ಸೆಯೊಂದಿಗೆ ಇದನ್ನು ಗೊಂದಲ ಮಾಡಿಕೊಳ್ಳುವವರು ಬಹಳ. ಅಲ್ಲಿ ಬಳಸುವ ವಿದ್ಯುತ್ತು ಇದರ ನೂರಾರು ಪಟ್ಟು. ಟಿಡಿಸಿಎಸ್ ನರಕೋಶವನ್ನು ಸಿಡಿಯುವಂತೆ, ಅಂದರೆ ಸಂಕೇತ ಹೊರಡಿಸುವಂತೆ, ಮಾಡುವುದೇ ಇಲ್ಲ. ಸಿಡಿಯುವ ಗಡಿಗೆ ಅದನ್ನು ಒಂದಿಷ್ಟು ಹತ್ತಿರ ತರುತ್ತದೆ ಅಥವಾ ದೂರ ಸರಿಸುತ್ತದೆ, ಅಷ್ಟೇ. ಜರ್ಮನಿಯ ಗ್ಯೋಟಿಂಗೆನ್‌ನಲ್ಲಿ ಮೈಕೆಲ್ ನಿಟ್ಶೆ ಮತ್ತು ವಾಲ್ಟರ್ ಪೌಲಸ್ 2000ದಲ್ಲಿ ತೋರಿಸಿದ್ದು ಇದನ್ನೇ: ಧನ ವಿದ್ಯುದ್ವಾರದ ಕೆಳಗಿನ ಮಿದುಳಿನ ಭಾಗ ಸುಲಭವಾಗಿ ಪ್ರತಿಕ್ರಿಯಿಸತೊಡಗಿತು, ಋಣ ವಿದ್ಯುದ್ವಾರದ ಕೆಳಗಿನದು ಮಂದವಾಯಿತು. ಮರುವರ್ಷವೇ ಅವರು ಕಂಡ ಇನ್ನೊಂದು ಸಂಗತಿ ಇದಕ್ಕಿಂತ ದೊಡ್ಡದು. 13 ನಿಮಿಷ ವಿದ್ಯುತ್ತು ಹರಿಸಿ ನಿಲ್ಲಿಸಿದರೂ ಪರಿಣಾಮ ಒಂದು ಗಂಟೆಗೂ ಹೆಚ್ಚು ಹೊತ್ತು ಉಳಿಯುತ್ತಿತ್ತು. ಕಲಿಕೆಯಲ್ಲಿ ನರಕೋಶಗಳ ನಡುವಿನ ಬೆಸುಗೆ ಗಟ್ಟಿಯಾಗಲು ಬೇಕಾದ ಎನ್‌ಎಂಡಿಎ ಎಂಬ, ನರಕೋಶದ ಮೇಲೆ ರಾಸಾಯನಿಕ ಸಂಕೇತವನ್ನು ಹಿಡಿಯುವ ಗ್ರಾಹಕಗಳೇ ಈ ಉಳಿಕೆಗೂ ಬೇಕು ಎಂದು ಆಮೇಲೆ ತಿಳಿಯಿತು.

ಟಿಎಂಎಸ್, ಅಂದರೆ ಕಾಂತದ ಮಿಡಿತಗಳಿಂದ ಮಿದುಳನ್ನು ಪ್ರಚೋದಿಸುವುದು, ಬಲವಾದದ್ದು. ಫ್ಯಾರಡೆ 1831ರಲ್ಲಿ ಕಂಡುಹಿಡಿದ ತತ್ತ್ವವೇ ಇದರ ಜೀವಾಳ: ಬದಲಾಗುವ ಕಾಂತಕ್ಷೇತ್ರ ಹತ್ತಿರದ ವಾಹಕದಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಇಲ್ಲಿ ಆ ವಾಹಕ ಮಿದುಳು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು 1985ರಲ್ಲಿ ಮೊದಲ ಸಲ ಸುರುಳಿಯೊಂದನ್ನು ನೆತ್ತಿಗೆ ಹಿಡಿದು, ಕೈಬೆರಳು ಅದುರುವಂತೆ ಮಾಡಿದರು. ಸೆಕೆಂಡಿಗೆ ಐದು ಅಥವಾ ಹೆಚ್ಚು ಸಲ ಮಿಡಿದರೆ ಆ ಭಾಗ ಸಾಮಾನ್ಯವಾಗಿ ಚುರುಕಾಗುತ್ತದೆ, ಸೆಕೆಂಡಿಗೆ ಒಂದೇ ಸಲವಾದರೆ ಮಂದವಾಗುತ್ತದೆ. ಥೀಟಾ ಬರ್ಸ್ಟ್ ಎಂಬ ಹೊಸ ಲಯದಲ್ಲಿ, ನಡುನಡುವೆ ಬಿಡುವು ಕೊಟ್ಟರೆ 600 ಮಿಡಿತಗಳು ಮೂರು ನಿಮಿಷ ಚಿಲ್ಲರೆಯಲ್ಲಿ ಮುಗಿದು ಆ ಭಾಗ ಸಾಮಾನ್ಯವಾಗಿ ಚುರುಕಾಗುತ್ತದೆ, ಬಿಡುವಿಲ್ಲದೆ ಕೊಟ್ಟರೆ ಮಂದವಾಗುತ್ತದೆ.

ಹಾಗಾದರೆ ವಿದ್ಯುತ್ತನ್ನೊಂದೇ ಕೊಟ್ಟು ಮನೆಗೆ ಕಳುಹಿಸಬಾರದೇ? ಇಲ್ಲಿಯೇ ಇಡೀ ವಿಷಯದ ತಿರುಳಿರುವುದು.

ಬಿತ್ತುವವರಿಗೆ ಹದ ಎಂಬ ಮಾತಿನ ತೂಕ ಗೊತ್ತು. ಒಣಗಿದ ನೆಲದಲ್ಲಿ ಬೀಜ ಮೊಳೆಯುವುದಿಲ್ಲ, ಕೆಸರಿನಲ್ಲಿ ಕೊಳೆಯುತ್ತದೆ. ನಡುವೆ ಕೆಲವು ಹೊತ್ತು ನೆಲ ಹದಕ್ಕೆ ಬಂದಿರುತ್ತದೆ. ಟಿಡಿಸಿಎಸ್ ಮಿದುಳಿಗೆ ಮಾಡುವುದು ಬಹುಮಟ್ಟಿಗೆ ಇಷ್ಟೇ. ಅದರಲ್ಲಿ ಮಾಹಿತಿಯಿಲ್ಲ, ಪಾಠವಿಲ್ಲ. ಅಂಗೈಯಗಲದ ಸ್ಪಾಂಜಿನ ಕೆಳಗೆ ಕೋಟ್ಯಂತರ ನರಕೋಶಗಳಿವೆ. ಯಾವುದನ್ನು ಗಟ್ಟಿಮಾಡಬೇಕು ಎಂಬುದು ವಿದ್ಯುತ್ತಿಗೆ ಹೇಗೆ ಗೊತ್ತಾಗಬೇಕು? ಆ ಹೊತ್ತಿನಲ್ಲಿ ಯಾವ ಬೆಸುಗೆಗಳು ಕೆಲಸದಲ್ಲಿ ತೊಡಗಿವೆಯೋ ಅವುಗಳ ಮೇಲೆ ಪರಿಣಾಮ ಹೆಚ್ಚು ಎಂಬುದು ಇಂದಿನ ತಿಳಿವಳಿಕೆ. ರೋಗಿ ಗದ್ದಲದ ನಡುವೆ ಒಂದು ದನಿಯನ್ನು ಹಿಡಿಯಲು ಹೆಣಗುತ್ತಿದ್ದರೆ ಆ ಹೆಣಗಾಟದಲ್ಲಿರುವ ನರಕೋಶಗಳು ಗಡಿಯ ಹತ್ತಿರ ಇರುತ್ತವೆ. ಸಣ್ಣ ತಳ್ಳು ಅವುಗಳಿಗೆ ಸಾಕು. ಅದೇ ರೋಗಿ ಕಣ್ಣುಮುಚ್ಚಿ ಒರಗಿದ್ದರೆ ತಳ್ಳು ಯಾವುದೋ ಅಲೆದಾಡುವ ಯೋಚನೆಗೆ ಹೋಗಬಹುದು. ವಿದ್ಯುತ್ತನ್ನೂ ಅಭ್ಯಾಸವನ್ನೂ ಜೋಡಿಸುವುದರ ತರ್ಕ ಇದು.

ಪ್ರಯೋಗದ ಕೋಣೆಯಲ್ಲಿ ಇದು ನೋಡಲು ಎಷ್ಟು ಸಪ್ಪೆ ಎಂದರೆ, ಅದ್ಭುತ ಯಂತ್ರವನ್ನು ನಿರೀಕ್ಷಿಸಿ ಬಂದವರಿಗೆ ಬೇಸರವಾಗುತ್ತದೆ. ಟೇಪಿನಿಂದ ತಲೆ ಅಳೆದು, ಹಣೆಯ ಎಡ ಮೇಲ್ಭಾಗದಲ್ಲಿ ಒಂದು ಬಿಂದು ಗುರುತಿಸುತ್ತಾರೆ. ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆಯುವ ಇಇಜಿ ಪರೀಕ್ಷೆಯ ನಕ್ಷೆಯಲ್ಲಿ ಅದರ ಹೆಸರು ಎಫ್3. ಅದರ ಕೆಳಗಿರುವುದು ಹಣೆ ಹಾಲೆಯ ಮೇಲಿನ ಹೊರಮೈ, ಯಜಮಾನಿಕೆಯ ಜಾಲದ ಒಂದು ಗಂಟು. ಅಲ್ಲಿ ಒಂದು ಸ್ಪಾಂಜು, ಬಲ ಹುಬ್ಬಿನ ಮೇಲೋ ತೋಳಿನ ಮೇಲೋ ಇನ್ನೊಂದು, ಮೇಲೊಂದು ಪಟ್ಟಿ. ವಿದ್ಯುತ್ತು ಅರ್ಧ ನಿಮಿಷದಲ್ಲಿ ಮೆಲ್ಲಗೆ ಏರುತ್ತದೆ. ಇರುವೆ ಹರಿದಂತೆ ಚುರುಚುರು, ಆಮೇಲೆ ಅದೂ ತಿಳಿಯುವುದಿಲ್ಲ. 20 ನಿಮಿಷ ಹಾಗೇ ಇದ್ದು, ಎದುರಿನ ಪರದೆಯಲ್ಲಿ ಅಭ್ಯಾಸ ನಡೆಯುತ್ತಿರುತ್ತದೆ. ಇಂಥದ್ದು ವಾರಕ್ಕೆ ಮೂರರಿಂದ ಐದು ದಿನ, ಕೆಲವು ವಾರ. ಪಾರ್ಶ್ವವಾಯುವಾದವರಿಗೆ ದಣಿವು ಬಲು ಬೇಗ ಬರುವುದರಿಂದ ನಡುನಡುವೆ ಬಿಡುವು ಕೊಡಬೇಕಾಗುತ್ತದೆ. ಟಿಎಂಎಸ್ ಆದರೆ ಹೀಗೆ ಜೊತೆಜೊತೆಗೆ ನಡೆಸುವುದು ಕಷ್ಟ. ಸುರುಳಿ ಟಕಟಕ ಎಂದು ಸದ್ದು ಮಾಡುತ್ತದೆ, ತಲೆ ಅಲುಗುವಂತಿಲ್ಲ. ಆದ್ದರಿಂದ ಮೊದಲು ಮಿಡಿತ, ಮುಗಿದ ಕೂಡಲೇ ಅಭ್ಯಾಸ ಎಂಬುದು ರೂಢಿ.

ಫಲಿತಾಂಶಗಳಿಗೆ ಬಂದರೆ, ಆಸೆ ಹುಟ್ಟಿಸುವಷ್ಟು ಇವೆ, ಡಂಗುರ ಸಾರುವಷ್ಟು ಇಲ್ಲ. ದಕ್ಷಿಣ ಕೊರಿಯಾದ ಸಂಶೋಧಕರು 2009ರಲ್ಲಿ ಪಾರ್ಶ್ವವಾಯುವಾದ 10 ಮಂದಿಗೆ ಹಣೆಯ ಎಡಭಾಗಕ್ಕೆ ಒಂದೇ ಒಂದು ಸಲ 20 ನಿಮಿಷ ಟಿಡಿಸಿಎಸ್ ಕೊಟ್ಟರು. ಒಂದು ಗುರುತು ಬಂದರೆ ಗುಂಡಿ ಒತ್ತು, ಇನ್ನೊಂದು ಬಂದರೆ ಒತ್ತಬೇಡ ಎಂಬ ಪರೀಕ್ಷೆಯಲ್ಲಿ ಅವರ ಉತ್ತರಗಳು ಹುಸಿ ಪ್ರಚೋದನೆಯ, ಅಂದರೆ ವಿದ್ಯುತ್ತು ಕೊಟ್ಟಂತೆ ನಟಿಸಿದ, ದಿನಕ್ಕಿಂತ ನಿಖರವಾದವು. ಈಜಿಪ್ಟಿನಿಂದ 2018ರಲ್ಲಿ ಬಂದ, 40 ಮಂದಿಯ ಅಧ್ಯಯನದಲ್ಲಿ ಕಂಪ್ಯೂಟರ್ ತರಬೇತಿಗೆ ನಿಜವಾದ ಟಿಡಿಸಿಎಸ್ ಸೇರಿಸಿದ ಗುಂಪು, ತರಬೇತಿಗೆ ಹುಸಿ ಪ್ರಚೋದನೆ ಸೇರಿಸಿದ ಗುಂಪಿಗಿಂತ ಗಮನದ ಪರೀಕ್ಷೆಗಳಲ್ಲಿ ಮುಂದೆ ಹೋಯಿತು. ಇವೆಲ್ಲ ಸಣ್ಣ ಗುಂಪುಗಳು. ಹತ್ತು ಮಂದಿಯಲ್ಲಿ ಕಂಡದ್ದು ಸಾವಿರ ಮಂದಿಯಲ್ಲಿ ಕರಗಿಹೋದ ಕಥೆಗಳು ವೈದ್ಯವಿಜ್ಞಾನದಲ್ಲಿ ಬೇಕಾದಷ್ಟಿವೆ.

ನನಗೆ ಹೆಚ್ಚು ಕಲಿಸಿದ್ದು ಎಡಗಡೆಯ ಉಪೇಕ್ಷೆಯ ಕುರಿತ ಕೆಲಸ. ಇದಕ್ಕೆ ಇವ್ ರೊಸೆಟ್ಟಿ ಮತ್ತು ಸಂಗಡಿಗರು 1998ರಲ್ಲಿ ಒಂದು ಚಂದದ ಅಭ್ಯಾಸ ಕಂಡುಹಿಡಿದಿದ್ದರು. ನೋಟವನ್ನು ಬಲಕ್ಕೆ 10 ಡಿಗ್ರಿ ಸರಿಸುವ ಪ್ರಿಸಂ ಕನ್ನಡಕ ಹಾಕಿಸಿ ಎದುರಿನ ಗುರಿಯತ್ತ ಬೆರಳು ಮಾಡಿಸುವುದು. ಮೊದಲು ಬೆರಳು ಬಲಕ್ಕೆ ತಪ್ಪುತ್ತದೆ; ಐವತ್ತು ಸಲ ಮಾಡುವಷ್ಟರಲ್ಲಿ ಮಿದುಳು ಎಡಕ್ಕೆ ತಿದ್ದಿಕೊಳ್ಳುತ್ತದೆ. ಕನ್ನಡಕ ತೆಗೆದ ಮೇಲೂ ಆ ಎಡದ ಎಳೆತ ಉಳಿದು, ಕಾಣದಿದ್ದ ಎಡಭಾಗ ಒಂದೆರಡು ಗಂಟೆ ಕಾಣತೊಡಗುತ್ತದೆ. ಇಟಲಿಯ ಸಂಶೋಧಕರು ಇದಕ್ಕೆ ವಿದ್ಯುತ್ತನ್ನು ಜೋಡಿಸಿ 2015ರಲ್ಲಿ ಫಲ ಪ್ರಕಟಿಸಿದರು. ಆ ಕಾಲಕ್ಕೆ ಬಹಳ ಜನ ನಂಬಿದ್ದ ಒಂದು ತಕ್ಕಡಿ ಸಿದ್ಧಾಂತವಿತ್ತು: ಮಿದುಳಿನ ಎರಡು ಅರ್ಧಗಳು ಒಂದನ್ನೊಂದು ಅದುಮುತ್ತಿರುತ್ತವೆ, ಬಲಭಾಗ ಸೋತಾಗ ಎಡಭಾಗ ಅತಿಯಾಗುತ್ತದೆ, ಆದ್ದರಿಂದ ಸೋತದ್ದನ್ನು ಎತ್ತಿದರೂ ಸರಿ, ಅತಿಯಾದದ್ದನ್ನು ತಗ್ಗಿಸಿದರೂ ಸರಿ. ಪೆಟ್ಟಾದ ಬದಿಯನ್ನು ಎತ್ತಿದ ಗುಂಪಿನಲ್ಲಿ ಪ್ರಿಸಂ ಅಭ್ಯಾಸದ ಫಲ ಹೆಚ್ಚಿತು. ಆರೋಗ್ಯವಾಗಿದ್ದ ಬದಿಯನ್ನು ತಗ್ಗಿಸಿದ ಗುಂಪಿಗೆ ಆ ಲಾಭ ಸಿಗಲಿಲ್ಲ. ಸಂಶೋಧಕರ ವಿವರಣೆ ಹೀಗಿದೆ: ಪ್ರಿಸಂಗೆ ಹೊಂದಿಕೊಳ್ಳುವ ಕೆಲಸಕ್ಕೆ ಆ ಆರೋಗ್ಯವಂತ ಬದಿಯೂ ಬೇಕಾಗಿತ್ತೇನೋ.

ಈ ಒಂದು ಫಲಿತಾಂಶವನ್ನು ಬಿಟ್ಟುಬಿಡದೆ ನೋಡಬೇಕು. ಅದೇ ತಗ್ಗಿಸುವ ತಂತ್ರ ಟಿಎಂಎಸ್ ರೂಪದಲ್ಲಿ ಕೆಲಸ ಮಾಡಿದ ಉದಾಹರಣೆಗಳಿವೆ. 2012ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಮಾಡಿದ ಪ್ರಯೋಗದಲ್ಲಿ ಆರೋಗ್ಯವಂತ ಎಡಬದಿಯನ್ನು ಬಿಡುವಿಲ್ಲದ ಥೀಟಾ ಬರ್ಸ್ಟ್‌ನಿಂದ ತಗ್ಗಿಸಿದಾಗ ರೋಗಿಗಳ ದಿನನಿತ್ಯದ ನಡವಳಿಕೆಯೇ ಸುಧಾರಿಸಿತ್ತು. ಹಾಗಿರುವಾಗ ಯಾವ ಪ್ರಚೋದನೆ ಒಳ್ಳೆಯದು ಎಂದು ಕೇಳುವುದರಲ್ಲೇ ಹುರುಳಿಲ್ಲ. ಯಾವ ಅಭ್ಯಾಸದ ಜೊತೆಗೆ ಎಂಬುದನ್ನೂ ಸೇರಿಸಿ ಕೇಳಬೇಕು. ಯಾವ ಬೀಜಕ್ಕೆ ಎಂದು ಹೇಳದೆ ನೆಲದ ಹದವನ್ನು ಹೊಗಳುವುದು ಹೇಗೆ?

ಹದ ಮೀರುವ ಅಪಾಯವೂ ಉಂಟು. 13 ನಿಮಿಷದ ಟಿಡಿಸಿಎಸ್ ಮಿದುಳನ್ನು ಚುರುಕಾಗಿಸಿದರೆ 26 ನಿಮಿಷ ಅದರ ಎರಡರಷ್ಟು ಚುರುಕಾಗಿಸಬೇಕಲ್ಲ? 2013ರಲ್ಲಿ ಗ್ಯೋಟಿಂಗೆನ್‌ನವರೇ ಅಳೆದು ನೋಡಿದಾಗ ಬಿಡುವಿಲ್ಲದ 26 ನಿಮಿಷ ಅದನ್ನು ಮಂದಗೊಳಿಸಿತ್ತು. ನರಕೋಶಗಳು ತಮ್ಮ ಸಮತೋಲ ಕಾಯ್ದುಕೊಳ್ಳಲು ಎದುರು ತಳ್ಳುತ್ತವೆ. ಹೆಚ್ಚು ಕೊಟ್ಟರೆ ಹೆಚ್ಚು ಲಾಭ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಇನ್ನು ವಿದ್ಯುತ್ತು ತಲುಪುವುದಾದರೂ ಎಷ್ಟು? ನ್ಯೂಯಾರ್ಕಿನ ಗ್ಯೋರ್ಗಿ ಬುಜಾಕಿ ಮತ್ತು ಸಂಗಡಿಗರು ಶವಗಳ ಮೇಲೆ ಅಳೆದಾಗ, ನೆತ್ತಿಗೆ ಕೊಟ್ಟ ವಿದ್ಯುತ್ತಿನಲ್ಲಿ ಸುಮಾರು ಶೇ. 75ರಷ್ಟು ಚರ್ಮ ಮತ್ತು ತಲೆಬುರುಡೆಯಲ್ಲೇ ಸೋರಿಹೋಗುತ್ತಿತ್ತು. ಪಾರ್ಶ್ವವಾಯುವಾದ ಮಿದುಳಿನಲ್ಲಿ ಇದು ಇನ್ನಷ್ಟು ಜಟಿಲ. ಸತ್ತ ಭಾಗ ಕರಗಿದ ಜಾಗದಲ್ಲಿ ದ್ರವ ತುಂಬಿರುತ್ತದೆ, ದ್ರವದಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ. ಹಾಗಾಗಿ ಹಣೆಗೆಂದು ಕೊಟ್ಟದ್ದು ಇಳಿಜಾರು ಹುಡುಕುವ ನೀರಿನಂತೆ ಬೇರೆಲ್ಲೋ ಹೋಗಬಹುದು. ಎಂಆರ್‌ಐ ಚಿತ್ರದಿಂದ ಒಬ್ಬೊಬ್ಬರ ತಲೆಯ ಮಾದರಿ ಕಟ್ಟಿ, ವಿದ್ಯುದ್ವಾರದ ಜಾಗವನ್ನು ಲೆಕ್ಕ ಹಾಕುವ ಪ್ರಯತ್ನಗಳು ಹುಟ್ಟಿದ್ದು ಇದಕ್ಕಾಗಿ. ಔಷಧಗಳೂ ನಡುವೆ ಕೈಹಾಕುತ್ತವೆ: ಮೂರ್ಛೆಗೆ ಕೊಡುವ ಕಾರ್ಬಮಜೆಪಿನ್ ಧನ ವಿದ್ಯುದ್ವಾರದ ಪರಿಣಾಮವನ್ನೇ ಅಳಿಸಿಬಿಡಬಲ್ಲದು. ಪಾರ್ಶ್ವವಾಯುವಿನ ನಂತರ ಮೂರ್ಛೆ ಬಂದು ಇಂಥ ಮಾತ್ರೆ ನುಂಗುತ್ತಿರುವವರು ಎಷ್ಟೋ ಮಂದಿ.

ಸುರಕ್ಷತೆಯ ಮಟ್ಟಿಗೆ ಟಿಡಿಸಿಎಸ್ ಒಳ್ಳೆಯ ಹೆಸರು ಉಳಿಸಿಕೊಂಡಿದೆ. 2016ರಲ್ಲಿ 33,000ಕ್ಕೂ ಹೆಚ್ಚು ಸಲದ ಬಳಕೆಯ ದಾಖಲೆಗಳನ್ನು ಒಟ್ಟುಹಾಕಿ ನೋಡಿದಾಗ, ರೂಢಿಯ ಮಿತಿಯೊಳಗೆ ನಡೆದ ಪ್ರಯೋಗಗಳಲ್ಲಿ ಗಂಭೀರ ಹಾನಿ ಕಂಡಿರಲಿಲ್ಲ. ಚರ್ಮ ಕೆಂಪಾಗುವುದು, ತುರಿಕೆ, ತಲೆನೋವು ಸಾಮಾನ್ಯ. ಟಿಎಂಎಸ್‌ನಲ್ಲಿ ಬಹಳ ಅಪರೂಪಕ್ಕೆ ಮೂರ್ಛೆ ಬರುತ್ತದೆ. ತಲೆಯೊಳಗೆ ಲೋಹದ ಕ್ಲಿಪ್ ಅಥವಾ ಕಿವುಡಿಗಾಗಿ ಒಳಗಿವಿಯಲ್ಲಿ ಇಡುವ ಕಾಕ್ಲಿಯರ್ ಸಾಧನ ಇದ್ದವರಿಗೆ ಅದು ಸಲ್ಲದು, ಪೇಸ್‌ಮೇಕರ್ ಇದ್ದವರ ವಿಷಯದಲ್ಲಿ ವೈದ್ಯರು ಮೊದಲೇ ತೂಗಿ ನೋಡಬೇಕು. ಇಂಟರ್ನೆಟ್‌ನಲ್ಲಿ ಏಕಾಗ್ರತೆಯ ಹೆಸರಿನಲ್ಲಿ ಮಾರುವ ಪಟ್ಟಿಗಳನ್ನು ಕೊಂಡು, ಪೆಟ್ಟಾದ ಮಿದುಳಿಗೆ ಮನೆಯಲ್ಲೇ ತಂತಿ ಹಚ್ಚುವವರಿಗೆ ಮಾತ್ರ ಈ ಅಂಕಿಗಳ ಆಸರೆ ಇಲ್ಲ. ಅವೆಲ್ಲ ಅಳೆದು, ಆರಿಸಿ, ಕಣ್ಣಿಟ್ಟು ಕಾದವರ ಅಂಕಿಗಳು.

ವೈದ್ಯರ ಹತ್ತಿರ ಕುಳಿತಾಗ ಮನೆಯವರು ಕೇಳಬಹುದಾದದ್ದನ್ನೂ ಹೇಳಿಬಿಡುತ್ತೇನೆ. ಯಂತ್ರದ ಹೆಸರನ್ನು ಕೇಳುವ ಮೊದಲು, ಗಮನದ ಯಾವ ಬಗೆ ಕುಸಿದಿದೆ ಎಂದು ಅಳೆದಿದ್ದೀರಾ ಎಂದು ಕೇಳಿ. ಯಂತ್ರ ಹಚ್ಚಿದ 20 ನಿಮಿಷ ರೋಗಿ ಏನು ಮಾಡುತ್ತಿರುತ್ತಾರೆ ಎಂದು ಕೇಳಿ. ಸುಮ್ಮನೆ ಕುಳಿತಿರುತ್ತಾರೆ ಎಂಬ ಉತ್ತರ ಬಂದರೆ ಇನ್ನೊಂದು ಪ್ರಶ್ನೆ ತಾನಾಗಿ ಹುಟ್ಟಬೇಕು. ಮೊದಲ ಮೂರು ತಿಂಗಳಲ್ಲಿ ಮಿದುಳು ತಾನಾಗಿಯೇ ಬಹಳಷ್ಟು ಚೇತರಿಸಿಕೊಳ್ಳುತ್ತದೆ. ಆ ಕಾಲದ ಸುಧಾರಣೆಯನ್ನೆಲ್ಲ ಯಂತ್ರದ ಖಾತೆಗೆ ಜಮಾ ಮಾಡುವವರಿದ್ದಾರೆ. ಹುಸಿ ಪ್ರಚೋದನೆಯ ಗುಂಪು ಪ್ರಯೋಗಗಳಲ್ಲಿ ಬೇಕಾಗುವುದು ಇದೇ ಕಾರಣಕ್ಕೆ: ಅಲ್ಲಿ ವಿದ್ಯುತ್ತು ಅರ್ಧ ನಿಮಿಷ ಚುರುಗುಟ್ಟಿಸಿ ಸದ್ದಿಲ್ಲದೆ ನಿಂತುಬಿಡುತ್ತದೆ, ಕುಳಿತವರಿಗೆ ವ್ಯತ್ಯಾಸ ಗೊತ್ತಾಗುವುದು ಕಷ್ಟ.

ಕೊನೆಗೆ ಉಳಿಯುವುದು ಅಳತೆಗೋಲಿನ ಪ್ರಶ್ನೆ. ಪರದೆಯ ಆಟದಲ್ಲಿ ಅಂಕ ಏರಿದರೆ ಆ ಆಟ ಕಲಿತಂತಾಯಿತು. ರಸ್ತೆ ದಾಟುವುದು ಕಲಿತಂತಾಯಿತೇ? ಸ್ವೀಡನ್ನಿನಲ್ಲಿ 1997ರಲ್ಲಿ ವೃದ್ಧರ ಮೇಲೆ ಮಾಡಿದ ಒಂದು ಪರೀಕ್ಷೆಗೆ ಯಂತ್ರವೇ ಬೇಕಿರಲಿಲ್ಲ. ಜೊತೆಯಲ್ಲಿ ನಡೆಯುತ್ತಾ ಮಾತಿಗೆಳೆಯುವುದು, ಉತ್ತರಿಸಲು ಅವರು ನಿಂತುಬಿಡುತ್ತಾರೆಯೇ ಎಂದು ನೋಡುವುದು. 58 ಮಂದಿಯಲ್ಲಿ 12 ಮಂದಿ ನಿಂತರು; ಮುಂದಿನ ಆರು ತಿಂಗಳಲ್ಲಿ ಆ 12ರಲ್ಲಿ 10 ಮಂದಿ ಬಿದ್ದರು. ನಡಿಗೆ ಮತ್ತು ಮಾತು ಎರಡಕ್ಕೂ ಹಂಚುವಷ್ಟು ಗಮನ ಅವರಲ್ಲಿ ಉಳಿದಿರಲಿಲ್ಲ. ತರಬೇತಿ ಮುಗಿಸಿ ಬಂದವರೊಂದಿಗೆ ಸಂಜೆ ನಾಲ್ಕು ಹೆಜ್ಜೆ ಹಾಕುತ್ತಾ ಯಾವುದಾದರೂ ಹಳೆಯ ವಿಷಯ ಎತ್ತಿ ನೋಡಿ. ನಿಲ್ಲದೆ ಉತ್ತರ ಕೊಟ್ಟರೆ ಅದನ್ನು ಬರೆದಿಟ್ಟುಕೊಂಡು ಮುಂದಿನ ಸಲ ವೈದ್ಯರಿಗೆ ಹೇಳಿ.